ನೋಡಿ ಕಲಿತದ್ದು, ಓದಿ ಕಲಿತದ್ದು

ಗಾವಡಗೆರೆಯ ನಮ್ಮ ತವರುಮನೆಗೆ ಶ್ರಾವಣದಲ್ಲಿ ಹೋದರೆ ಊರ ತುಂಬ ಹೊಗೆಸೊಪ್ಪಿನದೇ ವಾಸನೆ. ಬ್ಯಾರನ್‌ಗಳಿಗೆ ಉರಿ ಹಾಕುವ ಕಾಲ ಅದು. ಗಂಡಸರು ರಾತ್ರಿಯೆಲ್ಲ ಅಲ್ಲೇ ಇರುತ್ತಾರೆ, ಹಗಲು ತೂಕಡಿಸುತ್ತಾರೆ. ಮನೆಯಲ್ಲಿ ಏನು ಕೆಟ್ಟರೂ ಆ ದಿನಗಳಲ್ಲಿ ಹುಣಸೂರಿಗೆ ಹೊತ್ತುಕೊಂಡು ಹೋಗುವವರಿಲ್ಲ. ಹಾಗೆ ಒಂದು ಶ್ರಾವಣದಲ್ಲಿ ನಾನು ಹೋದಾಗ ಅಣ್ಣನ ಮಗಳು ಅಡುಗೆಮನೆಯ ಹೊಸ್ತಿಲ ಪಕ್ಕದಲ್ಲಿ ಹಳೆಯ ಪೇಪರು ಹಾಸಿ, ಮಿಕ್ಸಿಯನ್ನು ಬೋರಲು ಹಾಕಿಕೊಂಡು ಕೂತಿದ್ದಳು. ಎದುರಿಗೆ ಸಾಸಿವೆ ಡಬ್ಬಿಗೆ ಒರಗಿಸಿದ ಮೊಬೈಲು. ಅದರೊಳಗೊಬ್ಬ ಪುಣ್ಯಾತ್ಮ ಅವಳ ಮಿಕ್ಸಿಯಂಥದೇ ಇನ್ನೊಂದು ಮಿಕ್ಸಿಯನ್ನು ಬಿಚ್ಚುತ್ತಿದ್ದ. ಅವನು ಮುಂದೆ ಓಡಿಹೋದಾಗಲೆಲ್ಲ ಇವಳು ಗ್ರೀಸು ಮೆತ್ತಿದ ಬೆರಳು ಬಿಟ್ಟು ಮೊಣಕೈಯಿಂದ ಮೊಬೈಲನ್ನು ಒತ್ತಿ ನಿಲ್ಲಿಸುತ್ತಿದ್ದಳು.

"ಏನೇ ಇದು, ಹಬ್ಬದ ದಿನಗಳಲ್ಲಿ?" ಅಂದೆ.

"ಸುಮ್ನಿರಿ ಅತ್ತೆ, ಕಾರ್ಬನ್ ಸವ್ದಿದೆ ಅಷ್ಟೆ. ಅಂಗ್ಡೀಲಿ ಕೊಟ್ರೆ ವಾರ ಇಟ್ಕೋತಾರೆ" ಅಂದಳು.

ಸಂಜೆಯ ಹೊತ್ತಿಗೆ ಮಿಕ್ಸಿ ತಿರುಗಿತು. ಅತ್ತಿಗೆ ಅದರಲ್ಲೇ ಚಟ್ನಿ ರುಬ್ಬಿದರು. ನನಗೆ ಸಂತೋಷವೂ ಆಯಿತು, ಒಳಗೊಳಗೇ ಒಂದು ಅಸಮಾಧಾನವೂ ಆಯಿತು. ನಾನು ಪುಸ್ತಕದ ಕಾಲದವಳು. ಕಲಿಯುವುದು ಎಂದರೆ ಓದುವುದು ಎಂದು ನಂಬಿ ಬೆಳೆದವಳು. ಒಂದಕ್ಷರ ಓದದೆ ಈ ಹುಡುಗಿ ಕಲಿತದ್ದನ್ನು ಕಲಿಕೆ ಎನ್ನಬಹುದೆ ಎಂಬ ಪ್ರಶ್ನೆ ಎದ್ದಿತು. ಈ ಬರಹ ಆ ಪ್ರಶ್ನೆಯ ಜೊತೆ ನಾನು ಮಾಡಿದ ಜಗಳ.

ನನ್ನ ಪಕ್ಷವನ್ನು ಮೊದಲು ಹೇಳಿಬಿಡುತ್ತೇನೆ. ಅದೇ ಮನೆಯ ಅಟ್ಟದ ಮೇಲೆ ಅಪ್ಪನ ತಗಡಿನ ಟ್ರಂಕಿದೆ. ರೇಡಿಯೋ ಇಟ್ಟುಕೊಳ್ಳಲೂ ಅಂಚೆ ಕಚೇರಿಯಲ್ಲಿ ಲೈಸೆನ್ಸು ಮಾಡಿಸಬೇಕಿದ್ದ ಎಪ್ಪತ್ತರ ದಶಕದಲ್ಲಿ ಅಪ್ಪ ಅಂಚೆಯ ಮೂಲಕ ರೇಡಿಯೋ ರಿಪೇರಿ ಪಾಠ ತರಿಸುತ್ತಿದ್ದರು. ಇದರಲ್ಲಿ ಅಂಥ ಆಶ್ಚರ್ಯವೇನಿಲ್ಲ. 1935ರಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಶುರುಮಾಡಿ, ಮುಂದೆ ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ನಿಂತ ಸೀಮೆ ನಮ್ಮದು. ಇಲ್ಲಿ ರೇಡಿಯೋದ ಹುಚ್ಚಿಗೆ ವಯಸ್ಸಾಗಿದೆ. ಅಪ್ಪನ ಪಾಠಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಅವರ ಇಂಗ್ಲಿಷು ಹೈಸ್ಕೂಲಿಗೆ ಮುಗಿದದ್ದು. ಆದರೂ ನಿಘಂಟು ಮಗ್ಗುಲಲ್ಲಿಟ್ಟುಕೊಂಡು, ಹೊಲದಿಂದ ಬಂದ ಮೇಲೆ ಲಾಂದ್ರದ ಬೆಳಕಿನಲ್ಲಿ ಓದುತ್ತಿದ್ದರು. ಅಂಚಿನಲ್ಲಿ ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದರು. ಆ ಅಂಚಿನ ಬರಹವೇ ನಾನು ಕಂಡ ಮೊದಲ ಕನ್ನಡ ಎಲೆಕ್ಟ್ರಾನಿಕ್ಸ್ ಪುಸ್ತಕ.

ಬರಹದ ಪಾಠಕ್ಕೆ ಕೆಲವು ಗುಣಗಳಿವೆ. ಅದು ಕಾಯುತ್ತದೆ. ಎರಡು ಸಲ ಓದಿದರೂ ಬೇಸರಿಸುವುದಿಲ್ಲ. ಬೇಕಾದ ಮಾತು ಇಂಥ ಪುಟದಲ್ಲಿದೆ ಎಂದು ಮಡಿಚಿಡಬಹುದು. ಬಿಡಿಭಾಗಗಳ ಲೆಕ್ಕವನ್ನಂತೂ ಬರಹದಷ್ಟು ಚೆನ್ನಾಗಿ ಇನ್ನಾವುದೂ ಹಿಡಿದಿಡದು. ರೆಸಿಸ್ಟರ್ ಎಂಬ ಕಡ್ಡಿಯಂಥ ಭಾಗದ ಮೇಲೆ ಬಣ್ಣದ ಗೆರೆಗಳಿರುತ್ತವೆ. ಕಪ್ಪು ಎಂದರೆ ಸೊನ್ನೆ, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9. ಮೊದಲ ಎರಡು ಗೆರೆ ಅಂಕಿಗಳು, ಮೂರನೆಯದು ಎಷ್ಟು ಸೊನ್ನೆ ಸೇರಿಸಬೇಕೆಂಬುದು. ಕೆಂಪು, ಕೆಂಪು, ಕಂದು ಇದ್ದರೆ 220 ಓಮ್. ಸೀರೆಯ ಅಂಚಿನ ಬಣ್ಣ ನೆನಪಿಡುವ ನಮಗೆ ಇದೇನು ದೊಡ್ಡ ವಿಷಯ? ಒಂದು ಸಂಜೆ ಬಾಯಿಪಾಠ ಮಾಡಿದರೆ ಜೀವಮಾನಕ್ಕೆ ಸಾಕು. ಇದನ್ನೇ ವಿಡಿಯೋದಲ್ಲಿ ನೋಡಿ. ಹಳದಿ ದೀಪದ ಕೆಳಗೆ ಚಿತ್ರ ತೆಗೆದಿರುತ್ತಾರೆ, ಕಂದು ಯಾವುದು, ಕೆಂಪು ಯಾವುದು, ಕಿತ್ತಳೆ ಯಾವುದು ಎಂದು ಕಣ್ಣು ಕಿರಿದಾಗಿಸಿ ನೋಡಬೇಕು. ಕಪ್ಪು ಶಾಯಿಯಲ್ಲಿ ಅಚ್ಚಾದ ಪುಸ್ತಕದಲ್ಲಿ 'ಕೆಂಪು' ಎಂದು ಬರೆದಿದ್ದರೆ ಅದು ಕೆಂಪೇ. ಬಣ್ಣವಿಲ್ಲದ ಪುಸ್ತಕ ಬಣ್ಣದ ವಿಷಯದಲ್ಲಿ ಹೆಚ್ಚು ನಂಬಿಗಸ್ತ ಎನ್ನುವುದು ತಮಾಷೆಯಾದರೂ ನಿಜ.

ಇಷ್ಟೆಲ್ಲ ಓದಿದ ಅಪ್ಪ ಎಷ್ಟು ರೇಡಿಯೋ ರಿಪೇರಿ ಮಾಡಿದರು? ಪ್ರಾಮಾಣಿಕವಾಗಿ ಹೇಳುವುದಾದರೆ, ಮೊದಲ ಎರಡು ವರ್ಷ ಒಂದೂ ಇಲ್ಲ. ಸರ್ಕಿಟ್ಟಿನ ನಕ್ಷೆ ನೋಡಿ ಅವರು ಗಂಟೆಗಟ್ಟಲೆ ಮಾತಾಡಬಲ್ಲವರಾಗಿದ್ದರು. ಆದರೆ ಬೆಸುಗೆ ಹಾಕಲು ಕೂತರೆ ಸೀಸ ಉಂಡೆಯಾಗಿ ಉದುರುತ್ತಿತ್ತು. ಪಾಠದಲ್ಲಿ 'ಕೂಡುಜಾಗವನ್ನು ಸಾಕಷ್ಟು ಬಿಸಿ ಮಾಡಿ' ಎಂದಿತ್ತು. ಸಾಕಷ್ಟು ಎಂದರೆ ಎಷ್ಟು? ನಮ್ಮ ಅಡುಗೆ ಪುಸ್ತಕಗಳಲ್ಲಿ 'ಉಪ್ಪು ರುಚಿಗೆ ತಕ್ಕಷ್ಟು', 'ಪಾಕ ಹದಕ್ಕೆ ಬಂದಾಗ' ಎಂದು ಬರೆಯುತ್ತಾರಲ್ಲ, ಅದೇ ಕಥೆ. ಹದ ಗೊತ್ತಿದ್ದವರಿಗೆ ಆ ಪುಸ್ತಕ ಬೇಕಿಲ್ಲ, ಗೊತ್ತಿಲ್ಲದವರಿಗೆ ಆ ಮಾತಿನಿಂದ ಉಪಯೋಗವಿಲ್ಲ. ಕಡೆಗೆ ಅಪ್ಪ ಹುಣಸೂರಿನ ರೇಡಿಯೋ ಅಂಗಡಿಯೊಂದರಲ್ಲಿ ಸಂತೆಯ ದಿನಗಳಂದು ಹೋಗಿ ಕೂತರು. ಅಂಗಡಿಯವರ ಕೈ ನೋಡಿದ ಮೇಲೆ ತಿಳಿಯಿತು: ಕಬ್ಬಿಣದ ಮೊನೆಗೆ ಸೀಸ ಮುಟ್ಟಿಸಬಾರದು, ತಂತಿ ಕೂಡುವ ಜಾಗವನ್ನು ಮೊನೆಯಿಂದ ಎರಡು ಮೂರು ಸೆಕೆಂಡು ಕಾಯಿಸಿ ಆ ಜಾಗಕ್ಕೆ ಸೀಸ ಮುಟ್ಟಿಸಬೇಕು. ಅದು ತಾನಾಗಿ ನೀರಿನಂತೆ ಹರಿದು ಹೊಳೆಯುತ್ತ ಗೋಪುರದಂತೆ ನಿಲ್ಲುತ್ತದೆ. ಮಂಕಾಗಿ ಉಂಡೆಯಾಗಿ ಕೂತರೆ ಅದು ಹಿಡಿದಿಲ್ಲವೆಂದೇ ಅರ್ಥ. ಕಾವಲಿಗೆ ನೀರು ಚಿಮುಕಿಸಿ 'ಚುಯ್' ಎನ್ನುವ ಸದ್ದು ಕೇಳಿ ದೋಸೆ ಹುಯ್ಯುವವರಿಗೆ ಇದನ್ನು ವಿವರಿಸಬೇಕಿಲ್ಲ.

ಅಣ್ಣನ ಮಗಳು ಇದನ್ನು ಕಲಿತದ್ದು ಒಂದು ಮಧ್ಯಾಹ್ನದಲ್ಲಿ. ಯಾರದೋ ಕೈಯನ್ನು ಮೊಬೈಲಿನಲ್ಲಿ ಹತ್ತು ಸಲ ಹಿಂದೆ ಮುಂದೆ ಓಡಿಸಿ ನೋಡಿದಳು, ಹನ್ನೊಂದನೆಯ ಸಲ ತಾನೇ ಮಾಡಿದಳು. ಅಪ್ಪನ ಎರಡು ವರ್ಷ ಎಲ್ಲಿ, ಇವಳ ಒಂದು ಮಧ್ಯಾಹ್ನ ಎಲ್ಲಿ! ಕೈಯ ಕೆಲಸವನ್ನು ಕೈಯೇ ತೋರಿಸಬೇಕು, ಅಕ್ಷರ ಅಲ್ಲಿ ಸೋಲುತ್ತದೆ. ಇಷ್ಟನ್ನು ನಾನು ಒಪ್ಪಿಕೊಂಡೆ.

ಇನ್ನೊಂದು ಮಾತನ್ನು ಒಪ್ಪಿಕೊಳ್ಳಲು ನನಗೆ ಹೆಚ್ಚು ದಿನ ಹಿಡಿಯಿತು. ಅಪ್ಪ ಹುಣಸೂರಿನ ಅಂಗಡಿಯಲ್ಲಿ ಹೋಗಿ ಕೂತರು ಎಂದೆನಲ್ಲ, ಅವರು ಗಂಡಸು, ಕೂತರು. ಆ ಅಂಗಡಿಯ ಸ್ಟೂಲಿನ ಮೇಲೆ ಈ ಹುಡುಗಿ ಆರು ತಿಂಗಳು ಕೂರಲು ಆದೀತೆ? ಮಿಕ್ಸಿ ಕೊಟ್ಟು ಚೀಟಿ ಈಸಿಕೊಂಡು ಬರುವಷ್ಟು ಹೊತ್ತು ನಿಂತರೇ ನಾಲ್ಕು ಜನ ತಿರುಗಿ ನೋಡುವ ಬೀದಿ ಅದು. ರಿಪೇರಿ ವಿದ್ಯೆಯ ಬಾಗಿಲು ನಮ್ಮ ಹೆಣ್ಣುಮಕ್ಕಳಿಗೆ ಮುಚ್ಚಿದ್ದು ಬುದ್ಧಿ ಕಡಿಮೆಯೆಂದಲ್ಲ, ಕೂರಲು ಜಾಗವಿಲ್ಲವೆಂದು. ಸಾಸಿವೆ ಡಬ್ಬಿಗೆ ಒರಗಿದ ಆ ಮೊಬೈಲು ಅವಳಿಗೆ ಅಂಗಡಿಯ ಸ್ಟೂಲು. ಅದನ್ನು ಆಡಿಕೊಳ್ಳುವ ಮೊದಲು ನಾನು ಇದನ್ನು ಯೋಚಿಸಬೇಕಿತ್ತು.

ಹಾಗಾದರೆ ವಿಡಿಯೋ ಗೆದ್ದಿತೆ? ಅಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಮಿಕ್ಸಿಯಿಂದ ಎಲ್‌ಇಡಿ ಬಲ್ಬಿಗೆ, ಬಲ್ಬಿನಿಂದ ಟೀವಿಗೆ ಅವಳ ಧೈರ್ಯ ಏರಿತು. ಪಕ್ಕದ ಮನೆಯವರ ಟೀವಿ ಹತ್ತುತ್ತಿರಲಿಲ್ಲ. ದೀಪವೇ ಇಲ್ಲ, ಸತ್ತಂತೆ ಬಿದ್ದಿತ್ತು. ಅದೇ ಬಗೆಯ ಟೀವಿ ಸರಿಮಾಡುವ ವಿಡಿಯೋ ಸಿಕ್ಕಿತು. ಪ್ಲಗ್ಗು ಕಿತ್ತಳು, ಹಿಂಬದಿ ಬಿಚ್ಚಿದಳು, ಅವನು ಬೆರಳಿಟ್ಟ ಕಡೆ ತಾನೂ ಬೆರಳಿಟ್ಟಳು. ಮರುಕ್ಷಣ ಕೈ ಹಾರಿ ಬೀರುವಿಗೆ ಬಡಿಯಿತು. ಅತ್ತಿಗೆ ಕಿರುಚಿಕೊಂಡರು. ದೇವರು ದೊಡ್ಡವನು, ಮಂಡಿಯೂರಿ ಕೂತಿದ್ದವಳು ಹಿಂದಕ್ಕೆ ಬಿದ್ದಳು, ಮೊಣಕೈ ಊದಿಕೊಂಡಿತು, ಅಷ್ಟರಲ್ಲೇ ಹೋಯಿತು.

"ಪ್ಲಗ್ ಕಿತ್ತಿದ್ದೆ ಅತ್ತೆ, ನಿಮ್ಮಾಣೆ. ಅವ್ನೂ ಮುಟ್ದ, ಅವ್ನಿಗೇನೂ ಆಗ್ಲಿಲ್ವಲ್ಲ!" ಎಂದು ಫೋನಿನಲ್ಲಿ ಅಳುತ್ತ ಹೇಳಿದಳು.

ಅವನಿಗೇಕೆ ಆಗಲಿಲ್ಲ? ಟೀವಿಯ ಪವರ್ ಬೋರ್ಡಿನಲ್ಲಿ ದಪ್ಪ ಕೆಪಾಸಿಟರ್ ಒಂದಿರುತ್ತದೆ. ನಮ್ಮ ಮನೆಯ 230 ವೋಲ್ಟಿನ ಎಸಿ ಕರೆಂಟು ಡಿಸಿಯಾಗಿ ಅದರಲ್ಲಿ ತುಂಬಿಕೊಂಡಾಗ ಸುಮಾರು 325 ವೋಲ್ಟಿನವರೆಗೆ ಏರುತ್ತದೆ. ಚೆನ್ನಾಗಿರುವ ಸೆಟ್ಟಾದರೆ ಪ್ಲಗ್ಗು ಕಿತ್ತ ಮೇಲೆ ಉಳಿದ ಭಾಗಗಳು ಆ ಕರೆಂಟನ್ನು ಬೇಗ ಹೀರಿಕೊಂಡುಬಿಡುತ್ತವೆ. ಕೆಟ್ಟ ಸೆಟ್ಟಿನಲ್ಲಿ ಹೀರುವವರೇ ಇಲ್ಲದೆ ಅದು ಅಲ್ಲೇ ನಿಂತಿರಬಹುದು. ಎಂದರೆ ರಿಪೇರಿಗೆ ಬಂದ ಸೆಟ್ಟೇ ಹೆಚ್ಚು ಅಪಾಯದ್ದು. ಬಲ್ಲವರು ಮುಟ್ಟುವ ಮೊದಲು ಹಳೆಯ ಕಾಲದ ಬಲ್ಬಿನ ಎರಡು ತಂತಿಯನ್ನು ಅದಕ್ಕೆ ತಾಗಿಸಿ ಕರೆಂಟನ್ನು ಇಳಿಸಿ, ಮೀಟರು ಹಿಡಿದು ಸೊನ್ನೆಗೆ ಬಂದಿದೆಯೆಂದು ನೋಡಿಕೊಳ್ಳುತ್ತಾರೆ. ಆ ವಿಡಿಯೋದವನೂ ಖಂಡಿತ ಏನಾದರೂ ಮಾಡಿಯೇ ಇರುತ್ತಾನೆ. ಆದರೆ ಆಗ ಕ್ಯಾಮೆರಾ ಆಡುತ್ತಿರಲಿಲ್ಲ, ಅಥವಾ ಆ ತುಂಡನ್ನು ಕತ್ತರಿಸಿ ಹಾಕಿದ್ದ. ನೋಡುವವರಿಗೆ ಬೇಸರವಾದೀತೆಂದು ಕತ್ತರಿಸಿದ್ದು ನಮ್ಮ ಹುಡುಗಿಯ ಜೀವಕ್ಕೆ ಬೇಕಾಗಿದ್ದ ಅರ್ಧ ನಿಮಿಷವನ್ನು.

ಮುಂದಿನ ಸಲ ಹೋದಾಗ ನಾನು ಅಟ್ಟ ಹತ್ತಿ ಅಪ್ಪನ ಟ್ರಂಕು ಇಳಿಸಿದೆ. ಆ ಹಳದಿಗಟ್ಟಿದ ಪಾಠಗಳಲ್ಲಿ, ಬಿಚ್ಚುವ ಕೆಲಸ ಬಂದಲ್ಲೆಲ್ಲ, ಮೊದಲಿಗೇ ಚೌಕದೊಳಗೆ ಎಚ್ಚರಿಕೆ ಅಚ್ಚಾಗಿತ್ತು. ಅಪ್ಪ ಅದರ ಪಕ್ಕದಲ್ಲಿ 'ಆಫ್ ಮಾಡಿದ ಮೇಲೂ ಮುಟ್ಟಬೇಡ' ಎಂದು ಕನ್ನಡದಲ್ಲಿ ಬರೆದು ಎರಡು ಗೆರೆ ಎಳೆದಿದ್ದರು. ಬರೆಯುವವನಿಗೆ ತನ್ನ ಓದುಗ ಕಾಣುವುದಿಲ್ಲ. ಆದ್ದರಿಂದಲೇ ಅವನು ಎಲ್ಲಿ ಎಡವುತ್ತಾನೋ ಎಂದು ಊಹಿಸಿ ಊಹಿಸಿ ಬರೆಯುತ್ತಾನೆ. ವಿಡಿಯೋ ಮಾಡುವವನು ಎಲ್ಲ ಕಾಣುತ್ತಿದೆಯಲ್ಲ ಎಂದು ನಂಬಿ ಹೇಳುವುದನ್ನೇ ಮರೆಯುತ್ತಾನೆ.

ವಿಡಿಯೋಗಳ ಮೇಲೆ ನನ್ನ ಎರಡನೆಯ ತಕರಾರು ಇನ್ನೂ ಆಳದ್ದು. ಅವು ಗೆಲುವನ್ನು ಮಾತ್ರ ತೋರಿಸುತ್ತವೆ. ರಿಪೇರಿಯಲ್ಲಿ ಕಷ್ಟದ ಭಾಗ ಬಿಚ್ಚುವುದಲ್ಲ, ಜೋಡಿಸುವುದೂ ಅಲ್ಲ, ಎಲ್ಲಿ ಕೆಟ್ಟಿದೆಯೆಂದು ಹುಡುಕುವುದು. ಎಲ್‌ಇಡಿ ಬಲ್ಬನ್ನೇ ತೆಗೆದುಕೊಳ್ಳಿ. ಒಳಗಿನ ಪುಟ್ಟ ದೀಪಗಳು ಮಲ್ಲಿಗೆ ಮಾಲೆಯಂತೆ ಒಂದರ ಹಿಂದೊಂದು ಪೋಣಿಸಿಕೊಂಡಿರುತ್ತವೆ. ಒಂದು ಸುಟ್ಟರೆ ಸಾಲೆಲ್ಲ ಆರುತ್ತದೆ. ಕಪ್ಪು ಚುಕ್ಕೆ ಬಿದ್ದ ದೀಪವನ್ನು ಬೆಸುಗೆಯಿಂದ ಮುಚ್ಚಿ ಉಳಿದವನ್ನು ಉರಿಸುವ ವಿಡಿಯೋಗಳು ಬೇಕಾದಷ್ಟಿವೆ. ಬಲ್ಬು ಹತ್ತುತ್ತದೆ, ಹಿಂದಿನಿಂದ ಸಂಗೀತ ಬರುತ್ತದೆ. ಆದರೆ ಆ ದೀಪ ಏಕೆ ಸುಟ್ಟಿತು? ಬಹುಪಾಲು ಸಲ ಬಿಸಿಯಿಂದ. ಆ ಬಿಸಿ ಹಾಗೆಯೇ ಇದ್ದರೆ ಮುಂದಿನ ತಿಂಗಳು ಪಕ್ಕದ ದೀಪದ ಸರದಿ. ಜೊತೆಗೆ ಅಗ್ಗದ ಬಲ್ಬುಗಳಲ್ಲಿ ಆ ಸರ್ಕಿಟ್ಟು ಮನೆಯ ಕರೆಂಟಿಗೆ ನೇರವಾಗಿ ಸೇರಿಕೊಂಡಿರುತ್ತದೆ, ಟೋಪಿ ತೆಗೆದು ಉರಿಸಿ ಮುಟ್ಟಿದರೆ ಶಾಕು ಹೊಡೆಯಬಹುದು. ಏಕೆ, ಏನು ಎಂಬ ಈ ಪ್ರಶ್ನೆಗಳಿಗೆ ಬರಹ ಜಾಗ ಕೊಡುತ್ತದೆ. 'ದೀಪ ಬರದಿದ್ದರೆ ಇದನ್ನು ನೋಡು, ಅದು ಸರಿಯಿದ್ದರೆ ಅದನ್ನು ನೋಡು' ಎಂಬ ಕವಲುದಾರಿಯನ್ನು ಒಂದು ಹಾಳೆಯ ಮೇಲೆ ಇಡಬಹುದು. ವಿಡಿಯೋಗೆ ಒಂದೇ ದಾರಿ, ಅದು ಹೋದದ್ದೇ ದಾರಿ.

ಬರಹವನ್ನು ಹೊಗಳಿದೆನೆಂದು ನಮ್ಮ ಕನ್ನಡದ ಪಠ್ಯಗಳು ಬೀಗಬೇಕಿಲ್ಲ. ಅವಳಿಗೆಂದು ನಾನು ಮೈಸೂರಿನಿಂದ ಒಂದೆರಡು ಪುಸ್ತಕ ತಂದೆ. ತೆರೆದರೆ 'ಧಾರಕ', 'ಪ್ರತಿರೋಧಕ', 'ದಿಷ್ಟೀಕರಣ'. ಹುಣಸೂರಿನ ಯಾವ ಅಂಗಡಿಯಲ್ಲಿ 'ಒಂದು ಧಾರಕ ಕೊಡಿ' ಎಂದರೆ ಕೊಡುತ್ತಾರೆ? ಅಲ್ಲಿ ಅದು ಕಂಡೆನ್ಸರು, ಇಲ್ಲವೇ ಕೆಪಾಸಿಟರು. ವ್ಯಾಖ್ಯೆ ಕೊಟ್ಟು, ವಿಧಗಳನ್ನು ಎಣಿಸಿ, ಕೊನೆಗೆ ಪ್ರಶ್ನೆ ಕೇಳುವ ಆ ಪುಸ್ತಕಗಳು ಪರೀಕ್ಷೆಗೆ ಬರೆದವು, ಕೈಗೆ ಬರೆದವಲ್ಲ. ಅವಳು ಎರಡು ಪುಟ ಓದಿ ಮೊಬೈಲಿಗೆ ಮರಳಿದಳು. ಅವಳ ತಪ್ಪೆಂದು ನಾನು ಹೇಳಲಾರೆ.

ಹಾಗೆ ನೋಡಿದರೆ ಚಿತ್ರವೋ ಅಕ್ಷರವೋ ಎಂಬುದು ಇವತ್ತಿನ ಜಗಳವಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ಪಾಠ ಬಂತು, 'ಸೈಟ್' ಎಂಬ ಪ್ರಯೋಗ. ನಮ್ಮ ರಾಜ್ಯದಲ್ಲಿ ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಆ ಪ್ರಯೋಗದಲ್ಲಿ ಸಾವಿರಾರು ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ವಿಜ್ಞಾನ ಕಲಿಸಲು ಹೊರಟಾಗ ಟೀವಿಯೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಟೀವಿಯ ಜೊತೆ ರೇಡಿಯೋ, ಅಚ್ಚಾದ ಕೈಪಿಡಿ, ಕೈಯಿಂದ ಮಾಡುವ ಚಟುವಟಿಕೆ ಎಲ್ಲವನ್ನೂ ಸೇರಿಸಿದರು. ಮುಂದೆ 2004ರಲ್ಲಿ ಎಜುಸ್ಯಾಟ್ ಹಾರಿದಾಗ ನಮ್ಮ ನೆರೆಯ ಚಾಮರಾಜನಗರ ಜಿಲ್ಲೆಯ ಶಾಲೆಗಳಿಗೂ ಆಕಾಶದಿಂದ ಪಾಠ ಬಂದಿತು. ಮುಂಬಯಿಯ ಐಐಟಿಯವರ 'ಸ್ಪೋಕನ್ ಟ್ಯುಟೋರಿಯಲ್' ಕಂಪ್ಯೂಟರ್ ಕಲಿಸುವುದಕ್ಕೆ ಹತ್ತು ನಿಮಿಷದ ಆಸುಪಾಸಿನ ಪಾಠಗಳನ್ನು ಕನ್ನಡದಲ್ಲೂ ಮಾಡಿದೆ. ಪ್ರತಿ ಪಾಠದ ಮಾತನ್ನೂ ಬರಹದಲ್ಲಿ ಜೊತೆಗಿಟ್ಟಿದ್ದಾರೆ. ನೋಡುವುದು, ನಿಲ್ಲಿಸುವುದು, ಪಕ್ಕದಲ್ಲೇ ತಾನು ಮಾಡುವುದು, ಇದು ಅವರ ಕ್ರಮ. ಕಲಿಸುವುದನ್ನೇ ಕಸುಬು ಮಾಡಿಕೊಂಡವರು ಎರಡನ್ನೂ ಬಿಟ್ಟಿಲ್ಲ ಎಂಬುದನ್ನು ಗಮನಿಸಬೇಕು.

ಎರಡೂ ಇದ್ದರೂ ಸಾಲದ ಒಂದು ಜಾಗವಿದೆ. ನಮ್ಮೂರ ಬ್ಯಾರನ್ ಕಾಯುವವರನ್ನೇ ನೋಡಿ. ಎಲೆಯ ಬಣ್ಣ ತಿರುಗುವುದನ್ನು ನೋಡಿ ಉರಿ ಏರಿಸುವುದು, ಇಳಿಸುವುದು ಅವರು ಪುಸ್ತಕದಿಂದ ಕಲಿತದ್ದಲ್ಲ, ಚಿತ್ರದಿಂದಲೂ ಅಲ್ಲ. ಪಕ್ಕದಲ್ಲಿ ಬಲ್ಲವನೊಬ್ಬ 'ಈಗ ಬೇಡ, ತಾಳು' ಎನ್ನಲು ಇದ್ದ. ಆ 'ತಾಳು' ಎನ್ನುವ ದನಿ ಪುಸ್ತಕದಲ್ಲಿ ಅರ್ಧ ಉಂಟು, ವಿಡಿಯೋದಲ್ಲಿ ಇಲ್ಲವೇ ಇಲ್ಲ. ಅದಕ್ಕೇ 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಬ್ಯಾಂಕುಗಳೊಡನೆ ಸೇರಿ ಉಜಿರೆಯಲ್ಲಿ ಕಟ್ಟಿದ ರುಡ್‌ಸೆಟ್ ಸಂಸ್ಥೆಯಂಥವು ಮುಖ್ಯವಾಗುತ್ತವೆ. ಊಟ ವಸತಿಯೊಡನೆ ಹಣ ಪಡೆಯದೆ ಕಸುಬು ಕಲಿಸುವ ಆ ಸಂಸ್ಥೆಗೆ ಮೈಸೂರಿನಲ್ಲೂ ಶಾಖೆಯಿದೆ. ರಾಜಸ್ಥಾನದ ತಿಲೋನಿಯಾದಲ್ಲಿ ಬೇರ್‌ಫುಟ್ ಕಾಲೇಜಿನವರು ಓದುಬರಹವಿಲ್ಲದ, ಒಬ್ಬರ ಭಾಷೆ ಒಬ್ಬರಿಗೆ ತಿಳಿಯದ ದೇಶ ದೇಶಗಳ ಅಜ್ಜಿಯರಿಗೆ ಬಣ್ಣದ ಗುರುತು ಮತ್ತು ಕೈಸನ್ನೆಯಿಂದಲೇ ಸೌರದೀಪ ಜೋಡಿಸಲು ಕಲಿಸಿದ್ದಾರೆ. ಅಲ್ಲಿ ಗೆದ್ದದ್ದು ಪಕ್ಕದಲ್ಲಿ ಕೂತ ಮನುಷ್ಯರು.

ಆದ್ದರಿಂದ ವಿಡಿಯೋ ಮಾಡುವ ಅಣ್ಣಂದಿರಲ್ಲಿ ನನ್ನ ಬೇಡಿಕೆ ಇಷ್ಟೆ. ಕೆಪಾಸಿಟರಿನ ಕರೆಂಟು ಇಳಿಸುವುದನ್ನು ಕತ್ತರಿಸಬೇಡಿ. ಹುಡುಕಿ ಸೋತದ್ದನ್ನೂ ತೋರಿಸಿ. ಬಿಡಿಭಾಗದ ಹೆಸರು, ಅಳತೆಯನ್ನು ಕೆಳಗೆ ಕನ್ನಡದಲ್ಲಿ ಬರೆದಿಡಿ. ಪುಸ್ತಕ ಬರೆಯುವ ಪಂಡಿತರಲ್ಲಿಯೂ ಒಂದು ಬೇಡಿಕೆ: ಬರೆಯುವ ಮೊದಲು ಒಂದು ದಿನ ರಿಪೇರಿ ಅಂಗಡಿಯಲ್ಲಿ ಕೂತು ಬನ್ನಿ, ಅಲ್ಲಿಯ ಮಾತಿನಲ್ಲಿ ಬರೆಯಿರಿ. ನಮ್ಮ ಹೆಣ್ಣುಮಕ್ಕಳು ಪರೀಕ್ಷೆಗೆ ಓದುತ್ತಿಲ್ಲ, ಮನೆಯ ಮಿಕ್ಸಿಗೆ, ನಾಳೆಯ ಸಂಪಾದನೆಗೆ ಓದುತ್ತಿದ್ದಾರೆ.

ಅಣ್ಣನ ಮಗಳು ಕೆಲಸ ಬಿಡಲಿಲ್ಲ. ಅಣ್ಣ ಮೂರು ತಿಂಗಳು ಸ್ಕ್ರೂಡ್ರೈವರು ಬಚ್ಚಿಟ್ಟ, ಅವಳು ಹುಡುಕಿ ತೆಗೆದಳು. ಈಗ ವಿಡಿಯೋ ನೋಡುವಾಗ ಮಗ್ಗುಲಲ್ಲಿ ಇನ್ನೂರು ಪುಟದ ನೋಟುಪುಸ್ತಕ ಇಟ್ಟುಕೊಳ್ಳುತ್ತಾಳೆ. ಬಿಚ್ಚುವ ಮೊದಲು ಯಾವ ತಂತಿ ಎಲ್ಲಿತ್ತೆಂದು ಚಿತ್ರ ಬರೆಯುತ್ತಾಳೆ, ಮೀಟರಿನ ಅಂಕಿ ಬರೆಯುತ್ತಾಳೆ, ತಪ್ಪಿದ್ದನ್ನು ಬರೆಯುತ್ತಾಳೆ. ಬರವಣಿಗೆ ಅಂಕುಡೊಂಕು, ಕಾಗುಣಿತ ಕೇಳಬೇಡಿ. ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಚೌಕ ಹಾಕಿ, ತಾತನ ಟ್ರಂಕಿನಿಂದ ಒಂದು ಸಾಲು ಎತ್ತಿ ಬರೆದಿದ್ದಾಳೆ: 'ಆಫ್ ಮಾಡಿದ ಮೇಲೂ ಮುಟ್ಟಬೇಡ.' ಅದರ ಕೆಳಗೆ ತನ್ನದೊಂದು ಸೇರಿಸಿದ್ದಾಳೆ: 'ಅವನು ಮುಟ್ಟಿದ ಅಂತ ಮುಟ್ಟಬೇಡ.'

ಕಳೆದ ಸಲ ಹೋದಾಗ ಪಕ್ಕದ ಮನೆಯ ಚಿಕ್ಕ ಹುಡುಗಿ ಅವಳ ಎದುರಿಗೆ ಮಣೆ ಹಾಕಿಕೊಂಡು ಕೂತಿತ್ತು, ಬಲ್ಬು ಹಿಡಿದುಕೊಂಡು. ಇವಳು ಆ ಮಗುವಿನ ಕೈ ತಡೆದು "ತಾಳು" ಎನ್ನುತ್ತಿದ್ದಳು. ಮೊಬೈಲು ಸಾಸಿವೆ ಡಬ್ಬಿಯ ಪಕ್ಕದಲ್ಲಿ ಬೋರಲು ಬಿದ್ದಿತ್ತು.